ರತ್ನಗಂಬಳಿ ಕಲಿಸಿದ ಮಾಸ್ತರರು

ಮೊನ್ನೆ ಸೊಸೆ ಕೆಮ್ಮಿಗೆಂದು ದಾಳಿಂಬೆ ಸಿಪ್ಪೆ ಕುದಿಸಲು ಇಟ್ಟಳು. ಆ ಒಗರು ವಾಸನೆ ಪಡಸಾಲೆಗೆ ಬಂದದ್ದೇ ತಡ, ತಿಕೋಟಾದ ಹಳೆಯ ವಾಡೆ ಕಣ್ಣಮುಂದೆ ಬಂತು. ಅದರ ಅಂಗಳದಲ್ಲಿ ಉಣ್ಣೆಯ ಬಣ್ಣಕ್ಕೆ ಇದೇ ಸಿಪ್ಪೆ ಕುದಿಯುತ್ತಿದ್ದ ಹಂಡೆ, ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತ ನಮ್ಮ ಮಾಸ್ತರರು...

ಅರವತ್ತರ ದಶಕದ ಮೊದಲ ವರ್ಷಗಳವು. ಗಂಡ ಬಿಟ್ಟಿದ್ದರಿಂದ ನಾನು ಚಿಕ್ಕ ಮಗನನ್ನು ಕಟ್ಟಿಕೊಂಡು ತಿಕೋಟಾಕ್ಕೆ, ತವರಿಗೆ ಬಂದು ಕೂತಿದ್ದೆ. ಊರಿನ ಒಬ್ಬ ದೊಡ್ಡ ಮನುಷ್ಯರು ತಮ್ಮ ವಾಡೆಯಲ್ಲಿ ಹೆಣ್ಣುಮಕ್ಕಳಿಗೆ ರತ್ನಗಂಬಳಿ ನೇಯುವುದನ್ನು ಕಲಿಸುವ ಕೇಂದ್ರ ತೆರೆದರು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದೆವು. ಕಲಿಸಲು ಬಬಲೇಶ್ವರದಿಂದ ಈ ಮಾಸ್ತರರನ್ನು ಕರೆಸಿದರು. ತಲೆ ನರೆತ, ಮಾತು ಕಡಿಮೆಯ ಮನುಷ್ಯ. ವಾಡೆಯ ಹಿಂದಿನ ಕೋಣೆಯಲ್ಲೇ ಅವರ ವಾಸ.

ಹತ್ತಿಯ ಹುರಿ ಬಿಗಿದ ಎತ್ತರದ ಮಗ್ಗದ ಮುಂದೆ ನಾವು ಸಾಲಾಗಿ ಕೂಡುತ್ತಿದ್ದೆವು. ಮಾಸ್ತರರು ಬೆನ್ನ ಹಿಂದೆ ನಿಂತು ಬಣ್ಣ ಕೂಗುತ್ತಿದ್ದರು. “ಎರಡ ಕೆಂಪ... ಒಂದ ನೀಲಿ... ಮತ್ತ ಕೆಂಪ...” ಕೂಗಿದ ಬಣ್ಣದ ಉಣ್ಣೆಯ ಎಳೆಯನ್ನು ಹುರಿಗೆ ಸುತ್ತಿ ಗಂಟು ಹಾಕಬೇಕು, ಚಾಕುವಿನಿಂದ ಕೊಯ್ಯಬೇಕು. ಸಾಲು ಮುಗಿದರೆ ಅಡ್ಡ ಎಳೆ ಹಾಯಿಸಿ ಕಬ್ಬಿಣದ ಹಣಿಗೆಯಿಂದ ಬಡಿಯಬೇಕು. ದಿನವೆಲ್ಲ ದುಡಿದರೂ ಬೆರಳಗಲ ಏರಿದರೆ ಹೆಚ್ಚು. ನನ್ನ ಕೈಯಿಂದ ಮೊದಲ ಹೂವು ಇಡಿಯಾಗಿ ಮೂಡಿದ ದಿನ ಮಾಸ್ತರರು ಅದರ ಮೇಲೆ ಅಂಗೈ ಆಡಿಸಿ, “ಇನ್ನ ನಿನಗ ಯಾರ ಹಂಗೂ ಇಲ್ಲ, ತಂಗಿ” ಎಂದರು. ಗಂಡ ಬಿಟ್ಟವಳಿಗೆ ಆವರೆಗೆ ಯಾರೂ ಅಂಥ ಮಾತು ಆಡಿರಲಿಲ್ಲ.

ನಾವು ನೇಯುತ್ತಿದ್ದ ಆ ಹೂಬಳ್ಳಿಯ ಚಿತ್ತಾರ ವಿಜಾಪುರದ ಬಾದಶಹರ ಕಾಲದ್ದಂತೆ. ಅರಮನೆಯ ಒಂದು ಹಳೆಯ ರತ್ನಗಂಬಳಿಯನ್ನು ತಿರುವಿ ಹಾಕಿ, ಬೆನ್ನ ಮೇಲಿನ ಗಂಟು ನೋಡಿ ನೋಡಿ ಕಲಿತದ್ದು ಎನ್ನುತ್ತಿದ್ದರು.

“ಎಲ್ಲಿ ನೋಡಿದ್ರಿ, ಮಾಸ್ತರ?” ಎಂದು ಕೇಳಿದರೆ, “ದೂರ” ಎಂದು ಹಂಡೆಯ ಕಡೆ ಹೊರಟುಬಿಡುತ್ತಿದ್ದರು.

ಒಂದು ದಿನ ಯಜಮಾನರು ವಿಜಾಪುರದಿಂದ ಬಂದ ಬೀಗರನ್ನು ಮಗ್ಗ ತೋರಿಸಲು ಕರೆತಂದರು. ಆ ಬೀಗರು ಜೈಲಿನ ನೌಕರಿಯಿಂದ ನಿವೃತ್ತರಾದವರು. ಮಾಸ್ತರರ ಮುಖವನ್ನೇ ದಿಟ್ಟಿಸಿದರು.

“ಏ, ನೀ ಜೀವಾವಧಿ ಕೈದಿ ಅಲ್ಲೇನ? ಜೈಲಿನ ಕಾರ್ಖಾನ್ಯಾಗ ಅರಮನಿ ರತ್ನಗಂಬಳಿ ನೋಡಿ ನೇಯತಿದ್ದಿ?”

ಹಣಿಗೆಗಳ ಸದ್ದು ನಿಂತಿತು. ಮಾಸ್ತರರು ಅಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

“ಹೌದ್ರಿ. ಬದುವಿನ ಜಗಳದಾಗ ಕಾಕಾನ ಮಗನ್ನ ಹೊಡದೆ. ಸತ್ತ. ಶಿಕ್ಷಾ ಮುಗಿಸೇ ಬಂದೇನ್ರಿ.”

“ಹೆಣ್ಮಕ್ಕಳ ನಡುವ ಕೊಲೆಗಡಕನ್ನ ತಂದಿಟ್ಟೇನಲ್ಲೋ! ನಡೀ ಹೊರಗ!” ಎಂದು ಯಜಮಾನರು ಕೂಗಾಡಿದರು.

ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳಾದ, ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದ ಮುಸಲ್ಮಾನ ಹೆಂಗಸು ಎದ್ದು ನಿಂತಳು. “ನಮಗೇನ ಮಾಡ್ಯಾರ್ರಿ ಅವ್ರು? ಒಮ್ಮೆರ ಕಣ್ಣೆತ್ತಿ ನೋಡಿಲ್ಲ!” ಅವಳ ಮಾತು ಯಾರಿಗೆ ಬೇಕಿತ್ತು? ಮಾಸ್ತರರು ಹಾಸಿಗೆ ಸುತ್ತಿಕೊಂಡು, ನಮ್ಮ ಕಡೆ ನೋಡದೆ ಹೊರಟುಹೋದರು.

ಅವರು ಗಂಟು ಕಲಿಸಿದ್ದರು. ಬಣ್ಣ ಹಾಕುವುದನ್ನು, ಚಿತ್ತಾರ ಬರೆಯುವುದನ್ನು ಇನ್ನೂ ಕಲಿಸಿರಲಿಲ್ಲ. ನಮ್ಮ ಮನೆಗೇ ಬಂದು ಕಲಿಸಲಿ ಎಂದು ಕೇಳಲು ಅವ್ವನನ್ನು ಕರೆದುಕೊಂಡು ಬಬಲೇಶ್ವರಕ್ಕೆ ಹೋದೆ. ಅವರು ಇದ್ದದ್ದು ಮಗಳನ್ನು ಕೊಟ್ಟ ಮನೆಯಲ್ಲಿ; ಬಾಗಿಲಲ್ಲೇ ಆ ಮಗಳು ಅಡ್ಡ ನಿಂತಳು.

“ಇನ್ನೇನ ಉಳದೈತ್ರಿ? ನಿಮ್ಮೂರಿನ ಸುದ್ದಿ ಕೇಳಿ ನನ್ನ ಮಗಳ ನಿಶ್ಚಯ ಮುರದಾರ. ಇಷ್ಟ ವರ್ಷ ಮುಚ್ಚಿಟ್ಟಿದ್ವಿ...”

ಮಾಸ್ತರರು ಅಂಗಳದಲ್ಲಿ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ನಾನು ಬಾಗಿಲಿನಿಂದಲೇ ಕೇಳಿದೆ. ತಲೆ ಎತ್ತದೆ, “ಜೈಲಿನ್ಯಾಗ ಎಲ್ಲಾರೂ ನನ್ನ ಮಾಸ್ತರ ಅಂತಿದ್ರು, ತಂಗಿ. ಹೊರಗ ಬಂದ ಮ್ಯಾಲ ಕೈದಿ ಆದೆ. ಹೋಗ್ರಿ, ಬಿಸಲಾಗತೈತಿ” ಎಂದರು. ಕೈ ಮಾತ್ರ ಹೊಸೆಯುತ್ತಲೇ ಇತ್ತು.

ಮಗ್ಗದ ಮೇಲೆ ಉಳಿದಷ್ಟನ್ನು, ಆಗಲೇ ನೇಯ್ದ ಹೂವು ನೋಡಿ ನೋಡಿ, ನಾವೇ ಹೇಗೋ ಮುಗಿಸಿದೆವು. ರತ್ನಗಂಬಳಿ ಮಗ್ಗದಿಂದ ಇಳಿದ ಮೇಲೆ ಯಜಮಾನರು, ಹಳೆಯದಾಗಿ ಕಾಣಲೆಂದು, ಅದನ್ನು ಚಹಾದ ಕಷಾಯದಲ್ಲಿ ನೆನೆಸಲು ನಮಗೇ ಹೇಳಿದರು. ವಾರಗಟ್ಟಲೆ ಬಿಸಿಲಿಗೆ ಹಾಕಿ, ಕಾಲಿಂದ ತುಳಿಸಿ, ಅಂಚನ್ನು ಸವೆಸಿದರು. ಬಾದಶಹರ ಅರಮನೆಯದೆಂದು ಮುಂಬಯಿಯ ವ್ಯಾಪಾರಿಗೆ ಮಾರಿದರು. ಆಮೇಲೆ ಕೇಂದ್ರಕ್ಕೆ ಬೀಗ ಬಿತ್ತು. ನಾನು ವಿಜಾಪುರಕ್ಕೆ ಬಂದು ನಾಲ್ಕು ಮನೆಯ ರೊಟ್ಟಿ ಬಡಿದು ಮಗನನ್ನು ಓದಿಸಿದೆ.

ಮಾಸ್ತರರು ತೀರಿಕೊಂಡದ್ದು ಎಷ್ಟೋ ದಿನಗಳ ನಂತರ, ಬಾಯಿಂದ ಬಾಯಿಗೆ ಬಂದು ತಿಳಿಯಿತು. ನಮಗೆ ಯಾರು ಹೇಳಿ ಕಳಿಸಬೇಕಿತ್ತು, ಯಾಕೆ ಕಳಿಸಬೇಕಿತ್ತು? ಆ ರತ್ನಗಂಬಳಿ ಎಲ್ಲಿದೆಯೋ... ಯಾರದೋ ಗೋಡೆಯ ಮೇಲೆ ಅರಮನೆಯದೆಂದು ತೂಗುತ್ತಿರಬಹುದು. ಬಂದವರು ಕೈಕಟ್ಟಿ ನಿಂತು ನೋಡುತ್ತಿರಬಹುದು. ಸುಳ್ಳು ಹೇಳಿ ಮಾರಿದ ಯಜಮಾನರು ಕೊನೆಯವರೆಗೂ ದೊಡ್ಡ ಮನುಷ್ಯರಾಗಿಯೇ ಬಾಳಿದರು. ಕೇಳಿದ್ದಕ್ಕೆ ನಿಜ ಹೇಳಿದವರು ಅಂಗಳದಲ್ಲಿ ಹಗ್ಗ ಹೊಸೆಯುತ್ತ ಸತ್ತರು.