ಎರಡನೇ ಇಂಜಿನ್ ನಿಂತಾಗ

ಬೆಳಿಗ್ಗೆ ಪವರ್‌ಹೌಸಿನ ಎರಡನೇ ಇಂಜಿನಿನ ಸದ್ದು ನಿಂತಿತು. ಬಂದರಿನ ತಮ್ಮ ಮನೆಯಲ್ಲಿ, ನನ್ನ ಜೊತೆಗಾರ ಬಾಬುವಿನ ತಾಯಿ ಕೂಡಲೇ ಎದ್ದು ಮಗನಿಗೆಂದು ಗಂಜಿ ಬಡಿಸಿ, ಪಕ್ಕದಲ್ಲಿ ಒಣಮೀನಿನ ಚಟ್ನಿ ಇಟ್ಟರು.

"ಕೂತ್ಕೋ ಮಗಾ. ಇಂಜಿನ್ ನಿಂತಿತಲ್ಲ, ಅವ ಈಗ ಬರ್ತಾನೆ" ಎಂದು ನನಗೆ ಹೇಳಿದರು.

ಯುದ್ಧದಿಂದಾಗಿ ಎಣ್ಣೆ ಸಿಗದೆ ಆ ಇಂಜಿನನ್ನು ಇದ್ದಿಲಿನ ಗ್ಯಾಸಿನಲ್ಲಿ ಓಡಿಸುತ್ತಿದ್ದೆವು. ರಾತ್ರಿಪಾಳಿ ಬಾಬುವಿನದು; ಬೆಳಿಗ್ಗೆ ಅದನ್ನು ನಿಲ್ಲಿಸಿ ಮನೆಗೆ ಬರುತ್ತಿದ್ದ. ಹಿಂದಿನ ತಿಂಗಳು ಗ್ಯಾಸ್ ಸೋರಿ, ಬಾಬು ಅದರ ಬುಡದಲ್ಲೇ ಸತ್ತಿದ್ದ. ಅವನ ಬಟ್ಟೆಗಂಟು ಕೊಡಲು ನಾನು ಅಂದು ಹೋಗಿದ್ದೆ.

"ದಿನಾ ಹೀಗೇ ಅಣ್ಣಾ, ಎಂತ ಹೇಳುವುದು?" ಎಂದು ಅವನ ಹೆಂಡತಿ ಗಂಜಿಗೆ ತಟ್ಟೆ ಮುಚ್ಚಿದಳು.

ಈಗ ಆ ಇಂಜಿನ್ ನನ್ನ ಪಾಲಿಗೆ ಬಂದಿದೆ. ನಿಲ್ಲಿಸಿದೊಡನೆ ಬಂದರಿನಲ್ಲಿ ಒಬ್ಬ ತಾಯಿ ಗಂಜಿ ಬಡಿಸುತ್ತಾರೆಂದು ಗೊತ್ತು. ಆದರೂ ದಿನಾ ಬೆಳಿಗ್ಗೆ ನಿಲ್ಲಿಸುತ್ತೇನೆ.