ಅತ್ತೆ ಎಸೆಯದ ತಟ್ಟೆ

ನಮ್ಮತ್ತೆಗೆ ಏನನ್ನೂ ಎಸೆಯಲು ಮನಸ್ಸು ಬರುವುದಿಲ್ಲ. ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ, ಎಲ್ಲಕ್ಕೂ ನಮ್ಮ ಅಡುಗೆಮನೆಯೇ ಆಸರೆ. ಆಸ್ಪತ್ರೆಯ ಲ್ಯಾಬಿನಲ್ಲಿ ಮಾತ್ರ ಅವರು ಬೇರೆಯೇ ಹೆಂಗಸು. ರೋಗಿಗಳ ಕಫ, ಕೀವನ್ನು ಪುಟ್ಟ ತಟ್ಟೆಗೆ ಸವರಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆಯೇ ಎಂದು ನೋಡುವುದು ಅವರ ಕೆಲಸ. ಎರಡು ದಿನದಲ್ಲಿ ಏನೂ ಬೆಳೆಯದಿದ್ದರೆ ತಟ್ಟೆ ಕಸಕ್ಕೆ. ಅದು ಅಲ್ಲಿನ ಪದ್ಧತಿ.

ಅಷ್ಟೆಲ್ಲ ತಿಳಿದವರು ಮನೆಯಲ್ಲಿ ನನ್ನ ಮೇಲೆ ಗೂಬೆ ಕೂರಿಸಿದ್ದರು. ನನ್ನ ಪುಟ್ಟ ಮಗಳು ಎಷ್ಟು ಕೂಗಿದರೂ ಓಗೊಡುತ್ತಿರಲಿಲ್ಲ. ನೋವಿಲ್ಲ, ಜ್ವರವಿಲ್ಲ. ಕಿವಿಯ ತಮಟೆಯ ಹಿಂದೆ ಅಂಟಿನಂಥ ದ್ರವ ತಿಂಗಳುಗಟ್ಟಲೆ ನಿಂತಿದೆ ಎಂದರು ಡಾಕ್ಟರು.

"ತಲೆಗೆ ದಬದಬ ನೀರು ಸುರೀತಿದ್ಯಲ್ಲ, ಇನ್ನೇನಾಗತ್ತೆ?" ಎಂದರು ಅತ್ತೆ.

ಹೊರಗಿನ ನೀರು ತಮಟೆ ದಾಟುವುದಿಲ್ಲ ಎಂದು ಡಾಕ್ಟರು ಹೇಳಿದರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಮಗಳಿಗೆ ಸ್ನಾನ ಮಾಡಿಸುವಾಗ ಅವಳ ಕಿವಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದುದೂ ನಿಜ.

ಡಾಕ್ಟರು ತಮಟೆಗೆ ಸಣ್ಣ ತೂತು ಮಾಡಿ, ದ್ರವ ಹೀರಿ, ಪುಟಾಣಿ ಕೊಳವೆ ಇಟ್ಟರು. ಮಗುವಿಗೆ ಎಷ್ಟು ಕೇಳಿಸುತ್ತದೆಂದು ಮುಂದಿನ ಪರೀಕ್ಷೆಯಲ್ಲೇ ತಿಳಿಯಬೇಕಿತ್ತು. ದ್ರವ ಅತ್ತೆಯ ಮೇಜಿಗೆ ಹೋಯಿತು. ಎರಡು ದಿನ ಕಳೆದರೂ ತಟ್ಟೆ ಬೋಳು. ಮೊಮ್ಮಗಳದ್ದೆಂದೋ, ಹುಟ್ಟುಗುಣವೋ, ಅತ್ತೆ ಅದನ್ನು ಎಸೆಯಲಿಲ್ಲ.

ವಾರದ ಕೊನೆಗೆ ಲ್ಯಾಬಿನಿಂದ ಅತ್ತೆಯ ಫೋನು ಬಂತು. "ಇದ್ದ ಹಾಗೇ ಹೊರಟು ಬಾ."

ಮಗಳನ್ನು ಗಂಡನಿಗೊಪ್ಪಿಸಿ, ಕೈಯಲ್ಲಿದ್ದ ಬಾಚಣಿಗೆ ಸಮೇತ ಅಲ್ಲಿಗೆ ಓಡಿದೆ. ಅತ್ತೆ ತಟ್ಟೆಯನ್ನು ದೀಪಕ್ಕೆ ಹಿಡಿದರು. ಸೂಜಿಮೊನೆಯಷ್ಟು ಚುಕ್ಕೆಗಳು, ಒಂದಲ್ಲ ಎರಡಲ್ಲ. ಡಾಕ್ಟರೂ ಓಡೋಡಿ ಬಂದು ಬಗ್ಗಿ ನೋಡಿ ಹೇಳಿದರು.

"ನಿಧಾನಕ್ಕೆ ಬೆಳೆಯೋ ಜಾತಿ. ಅಂಟಿನೊಳಗೆ ಗುಂಪು ಕಟ್ಕೊಂಡು ಅವಿತಿರ್ತವೆ. ಇವನ್ನ ಓಡಿಸೋಕೇ ಕಿವಿ ಮತ್ತೆ ಮತ್ತೆ ದ್ರವ ಸುರಿಸ್ತಿರಬಹುದು. ಇವೇ ಕಾರಣ ಅಂತ ಖಂಡತುಂಡವಾಗಿ ಹೇಳೋಕಾಗಲ್ಲ, ಒಳಗಿದ್ದಿದ್ದಂತೂ ನಿಜ."

"ಸ್ನಾನದ ನೀರಿಂದ ಬಂದಿದ್ದಾ?" ಎಂದೆ, ಅತ್ತೆಯನ್ನೇ ನೋಡುತ್ತ.

"ಇಲ್ಲಮ್ಮ, ಮೂಗಿನ ಹಿಂದಿನಿಂದ ಕಿವಿಗೆ ಹತ್ತಿರ್ತವೆ."

ಆ ಚುಕ್ಕೆಗಳನ್ನು ಮುದ್ದಿಸಿಬಿಡುವಷ್ಟು ಖುಷಿಯಾಯಿತು ನನಗೆ.

ಸಂಜೆ ಪಾತ್ರೆ ತೊಳೆಯುತ್ತಿದ್ದ ಅತ್ತೆ ನಲ್ಲಿ ನಿಲ್ಲಿಸಿ, ಗೋಡೆಗೆ ಹೇಳಿದಂತೆ ಗೊಣಗಿದರು. "ಸುಮ್ನೆ ನಿನ್ನ ಅಂದುಬಿಟ್ಟೆ. ತಪ್ಪು ನಂದೇ."

ನಾನು ಬಿಡುವವಳೇ? "ಏನಂದ್ರಿ? ಕೇಳಿಸಲಿಲ್ಲ."

ಪಕ್ಕದ ಕೋಣೆಯಲ್ಲಿ ಗೊಂಬೆಗೆ ಬಟ್ಟೆ ತೊಡಿಸುತ್ತಿದ್ದ ಮಗಳು ಅಲ್ಲಿಂದಲೇ ಹೇಳಿದಳು. "ಅಮ್ಮಾ, ತಪ್ಪು ಅಜ್ಜೀದಂತೆ."

ಅತ್ತೆಯ ಕೈಯಿಂದ ಲೋಟ ಜಾರಿತು. ಇಬ್ಬರೂ ಒಟ್ಟಿಗೆ ಆ ಕೋಣೆಗೆ ಓಡಿದೆವು.