ನನ್ನ ಎದೆಯ ಗುಳಿ

ಆಗೆಲ್ಲ ನಮ್ಮ ಸತ್ತೇಗಾಲದ ಮನೆಯಲ್ಲಿ ಬೇಸಿಗೆ ರಜೆಯ ಶುಕ್ರವಾರವೆಂದರೆ ಎಣ್ಣೆನೀರು. ಬಚ್ಚಲ ತುಂಬ ಹರಳೆಣ್ಣೆ, ಸೀಗೆಪುಡಿಯ ವಾಸನೆ. ಹಂಡೆಯ ಕೆಳಗೆ ತೆಂಗಿನ ಗರಿ ಚಟಪಟ ಉರಿಯುತ್ತಿತ್ತು. ನಾನು ಆರನೇ ಕ್ಲಾಸು ಮುಗಿಸಿದ ವರ್ಷ, ಎಣ್ಣೆ ತೀಡುತ್ತಿದ್ದ ಅಜ್ಜಿಯ ಕೈ ನನ್ನ ಎದೆಯ ಮೇಲೆ ನಿಂತುಬಿಟ್ಟಿತು. ಎದೆಯ ನಡುವೆ ಚಿಕ್ಕಂದಿನಿಂದಲೂ ಸಣ್ಣ ತಗ್ಗಿತ್ತು. ಈಗ ಅದರಲ್ಲಿ ಎಣ್ಣೆ ನಿಲ್ಲುತ್ತಿತ್ತು.

"ಇದ್ಯಾಕೆ ಕೂಸು, ಇಷ್ಟು ಒಳಕ್ಕೋಗ್ಯದೆ?"

ನನಗೂ ಗೊತ್ತಿತ್ತು. ಕುಂಟೆಬಿಲ್ಲೆ ಎರಡು ಸುತ್ತು ಆಡಿದರೆ ಏದುಸಿರು. ಯಾರಿಗೂ ಕಾಣದಿರಲೆಂದು ಅವ್ವ ನನ್ನ ಅಂಗಿಗಳ ಮುಂದೆ ದೊಡ್ಡ ನೆರಿಗೆ ಇಡಿಸಿ ಹೊಲಿಸುತ್ತಿದ್ದಳು. ಚಿಕ್ಕಮ್ಮ ಮಾತ್ರ ಬಾಯಿಬಿಟ್ಟೇ ಕೇಳಿದಳು: "ನಾಳೆ ಹೆಣ್ಣು ನೋಡಕ್ಕೆ ಬಂದೋರ್ಗೆ ಏನೇಳೀಯಕ್ಕ?"

ಅವ್ವ ಮುದ್ದೆ ತೊಳಸುತ್ತಲೇ ಇದ್ದಳು.

ಕೊಳ್ಳೇಗಾಲದ ಡಾಕ್ಟರು ನೋಡಿ ಮೈಸೂರಿಗೆ ಚೀಟಿ ಬರೆದುಕೊಟ್ಟರು. ಅಪ್ಪನಿಗೆ ಕಬ್ಬು ಕಟಾವಿತ್ತು. ಅವ್ವನೇ ಕರೆದುಕೊಂಡು ಹೋದಳು. ಅಲ್ಲಿ ಕೊಳವೆಯೊಂದಕ್ಕೆ ಊದಿಸಿದರು, ಎದೆಗೆ ತಣ್ಣನೆಯದೇನೋ ಸವರಿ ಸ್ಕ್ಯಾನ್ ಮಾಡಿದರು.

"ಹೃದಯ ಸ್ವಲ್ಪ ಎಡಕ್ಕೆ ಸರಿದಿದೆ, ಆದರೆ ಚೆನ್ನಾಗೇ ಕೆಲಸ ಮಾಡ್ತಿದೆ," ಎಂದರು ಡಾಕ್ಟರಮ್ಮ. "ಈಗ ಆಪರೇಷನ್ ಬೇಡ. ಬೆಳೆಯೋ ವಯಸ್ಸು, ವರ್ಷಕ್ಕೊಮ್ಮೆ ತೋರಿಸಿ. ಓಡಲಿ, ಆಡಲಿ, ತಡೀಬೇಡಿ."

ನಾನು ಎದ್ದೆ. ಅವ್ವ ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು.

"ಒಂದ್ ಮಾತು ಕೇಳ್ಲಾ ಮೇಡಂ? ಇವ್ಳು ಎಳೆಗೂಸಾಗಿದ್ದಾಗ ನಾಟಿ ಕೆಲ್ಸ ಇತ್ತು. ಉರುಳಿ ಕಾಲ್ವೆಗೆ ಬಿದ್ಬುಟ್ಟಾಳು ಅಂತ ಬಟ್ಟೇಲಿ ಬಿಗಿಯಾಗಿ ಸುತ್ತಿ ಮರದಡಿ ಮಲಗ್ಸಿ ಗದ್ದೆಗಿಳೀತಿದ್ದೆ. ಅದ್ಕೇ ಇವ್ಳೆದೆ ಒಳಕ್ಕೋಯ್ತಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಲ್ಲಮ್ಮ. ಪಕ್ಕೆಲುಬಿನ ತುದಿಯ ಮೆದುಮೂಳೆ ತಾನಾಗೇ ಹಾಗೆ ಬೆಳೆಯುತ್ತೆ. ಬಟ್ಟೆ ಸುತ್ತಿದ್ದಕ್ಕೆ ಬರೋದಲ್ಲ. ನಿಮ್ಮ ತಪ್ಪೇನೂ ಇಲ್ಲ."

"ನಿಜ್ವಾ?" ಅವ್ವ ಎರಡು ಸಲ ಕೇಳಿದಳು. ಹೊರಗೆ ಬಂದು ನಲ್ಲಿಯ ನೀರಲ್ಲಿ ಬಹಳ ಹೊತ್ತು ಮುಖ ತೊಳೆದಳು. ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು. ಹಗಲಲ್ಲಿ ಅವಳು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುವರ್ಷ ಸ್ಕೂಲಿನ ಖೊ ಖೊ ತಂಡಕ್ಕೆ ಸೇರಿದೆ. ಮೂರು ವರ್ಷ ತಪ್ಪದೆ ಮೈಸೂರಿಗೆ ಹೋಗಿ ತೋರಿಸಿದೆವು. ಗುಳಿ ಮತ್ತಷ್ಟು ಆಳವಾಗಲಿಲ್ಲ, ತುಂಬಲೂ ಇಲ್ಲ. ಮದುವೆಯಾಯಿತು. "ನೋಯುತ್ತಾ?" ಎಂದು ಗಂಡ ಕೇಳಿದರು, ಇಲ್ಲವೆಂದೆ, ಅಲ್ಲಿಗೆ ಮುಗಿಯಿತು.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಅವ್ವ ಹೋದ ವರ್ಷ ತೀರಿಕೊಂಡಳು. ಹನ್ನೊಂದು ವರ್ಷ ಆ ಒಂದು ಅನುಮಾನವನ್ನು ಅವಳು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಇನ್ನೂ ಏನೇನು ಇಟ್ಟುಕೊಂಡಿದ್ದಳೋ, ನಾನು ಒಂದು ದಿನವಾದರೂ ಕೇಳಲಿಲ್ಲ.